ಬೀಗವಿಲ್ಲದ ಬಾಗಿಲು

ನಮ್ಮ ಕಾಲದಲ್ಲಿ ಪಕ್ಕದ ಮನೆಯ ಸೀಬೇಕಾಯಿ ಕದಿಯಬೇಕಾದರೂ ಬೇಲಿ ನುಸುಳಿ ಅಂಗಿ ಹರಿದುಕೊಳ್ಳಬೇಕಿತ್ತು. ಆ ಹರಿದ ಅಂಗಿಯೇ ಅಮ್ಮನಿಗೆ ಸಾಕ್ಷಿ. ಕುರ್ಚಿಯಲ್ಲಿ ಕುಳಿತೇ ಪರಊರಿನ ಬಾಗಿಲು ತೆಗೆಯುವ ಮಕ್ಕಳ ತಾಯಂದಿರಿಗೆ ಅಂಥ ಸಾಕ್ಷಿ ಎಲ್ಲಿಂದ ಸಿಗಬೇಕು?

ಅಮೆರಿಕದ ಮಿಲ್ವಾಕಿ ನಗರದ ಹುಡುಗರ ಕಥೆ ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ. ಸ್ಕೌಟ್ ಕೂಟದಲ್ಲಿ ಪರಿಚಯವಾದ, 16ರಿಂದ 22 ವರ್ಷದೊಳಗಿನ ಹುಡುಗರು ಅವರು. ಊರಿನ ಟೆಲಿಫೋನ್ ಕೋಡನ್ನೇ ಹೆಸರಾಗಿಟ್ಟುಕೊಂಡು ‘414’ ಗುಂಪಾದರು. ಮನೆಯ ಟೆಲಿಫೋನಿನ ಮೂಲಕವೇ ದೂರದ ಕಂಪ್ಯೂಟರುಗಳೊಳಗೆ ನುಗ್ಗಿ 1983ರಲ್ಲಿ ಸಿಕ್ಕಿಬಿದ್ದರು. ಅಣ್ವಸ್ತ್ರ ಸಂಶೋಧನೆಯ ಲಾಸ್ ಅಲಮೋಸ್ ಪ್ರಯೋಗಾಲಯವನ್ನೂ ಬಿಡಲಿಲ್ಲ, ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯನ್ನೂ ಬಿಡಲಿಲ್ಲ. ಇದಕ್ಕೆ ಮಹಾವಿದ್ಯೆಯೇನೂ ಬೇಕಾಗಿರಲಿಲ್ಲ. ಯಂತ್ರದ ಜೊತೆ ಕಂಪನಿಯವರು ಕೊಟ್ಟಿದ್ದ ಪಾಸ್‌ವರ್ಡನ್ನು ಎಷ್ಟೋ ಕಡೆ ಯಾರೂ ಬದಲಿಸಿರಲಿಲ್ಲ. ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದ ಹಾಗೆ!

ಆಸ್ಪತ್ರೆಯಲ್ಲಿ ತಮ್ಮ ಹೆಜ್ಜೆಗುರುತು ಅಳಿಸಲು ಹೋಗಿ ಬಿಲ್ಲಿನ ಕೆಲವು ದಾಖಲೆಗಳನ್ನು ಅಳಿಸಿಬಿಟ್ಟರು. ಅವರಲ್ಲೊಬ್ಬ 17ರ ನೀಲ್ ಪ್ಯಾಟ್ರಿಕ್. ಮಾಡುತ್ತಿರುವುದು ಸರಿಯೇ ಎಂದು ನಿನಗೆ ಅನಿಸಿದ್ದು ಯಾವಾಗ ಎಂದು ಕೇಳಿದ್ದಕ್ಕೆ, ಎಫ್.ಬಿ.ಐ.ಯವರು ಬಂದು ಬಾಗಿಲು ತಟ್ಟಿದಾಗ ಎಂದನಂತೆ. ಓದಿ ನಗು ಬಂತು. ಮರುಗಳಿಗೆಯೇ ಎದೆ ಝಲ್ಲೆಂದಿತು. ಅಲ್ಲಿಯವರೆಗೆ ಆ ಹುಡುಗನಿಗೆ ಪರದೆಯ ಆಚೆ ಯಾರೋ ರೋಗಿ ಇದ್ದಾರೆಂದು ಅನಿಸಿಯೇ ಇರಲಿಲ್ಲವೇ?

‘ಮಗ ಬೀದಿ ಅಲೆಯುವುದಿಲ್ಲ, ಕಂಪ್ಯೂಟರ್ ಮುಂದೆಯೇ ಇರುತ್ತಾನೆ’ ಎಂದು ನೆಮ್ಮದಿಪಡುವ ತಾಯಂದಿರು ನಮ್ಮಲ್ಲಿಯೂ ಇದ್ದಾರೆ. ನನ್ನ ತಂಗಿಯ ಮಗ ಪಕ್ಕದ ಮನೆಯವರ ವೈಫೈ ಪಾಸ್‌ವರ್ಡ್ ಕಂಡುಹಿಡಿದಾಗ ಅವನ ಅಪ್ಪ ‘ಎಷ್ಟು ಚೂಟಿ ನೋಡಿ’ ಎಂದು ಬಂದವರಿಗೆಲ್ಲ ಹೇಳಿಕೊಂಡರು. ಅದೇ ಹುಡುಗ ಆ ಮನೆಯಿಂದ ಒಂದು ಲೋಟ ಎತ್ತಿಕೊಂಡು ಬಂದಿದ್ದರೆ? ಕಿವಿ ಹಿಂಡಿ ವಾಪಸು ಕೊಡಿಸುತ್ತಿದ್ದರು. ಲೋಟ ಕಣ್ಣಿಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲೂ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿದೆ. ಮೋಸದ ಉದ್ದೇಶದಿಂದ ಪರರ ಕಂಪ್ಯೂಟರಿಗೆ ಕೈಹಾಕಿದರೆ 3 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ. ಆದರೆ ಕಾನೂನು ಬರುವುದು ಪೊಲೀಸರ ಹಿಂದೆ. ಅಮ್ಮ ಅದಕ್ಕೂ ಮೊದಲೇ ಬರಬೇಕು. ಅದಕ್ಕೆ ಕಂಪ್ಯೂಟರ್ ವಿದ್ಯೆ ಬೇಕಾಗಿಲ್ಲ. ಬಾಗಿಲು ತೆರೆದೇ ಇದ್ದರೂ ಹೊಸಿಲಾಚೆ ನಿಂತು ‘ಮನೇಲಿ ಯಾರಿದ್ದೀರಿ?’ ಎಂದು ಕೂಗಬೇಕೆಂದು ನಾವು ಮಕ್ಕಳಿಗೆ ಕಲಿಸಿದ್ದು ಬೀಗಕ್ಕೆ ಹೆದರಿಯಲ್ಲ, ಒಳಗಿರುವವರ ಮೇಲಿನ ಮರ್ಯಾದೆಯಿಂದ.