ಚಕಮಕಿಯ ಊರು

ಇಂಗ್ಲಿಷಿನಲ್ಲಿ ‘ಫ್ಲಿಂಟ್’ ಎಂದರೆ ಚಕಮಕಿ ಕಲ್ಲು. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದ ವಾಯವ್ಯಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿ, ಇದೇ ಹೆಸರಿನ ಊರೊಂದುಂಟು. ಚಕಮಕಿಯ ಗುಣವನ್ನು ಎಲ್ಲರೂ ಬಲ್ಲರು. ಸುಮ್ಮನೆ ಬಿದ್ದಿದ್ದರೆ ಅದು ಬರಿಯ ಕಲ್ಲು. ಉಕ್ಕು ತಾಕಿದರಷ್ಟೇ ಕಿಡಿ. ಆ ಊರಿನ ಪ್ರೌಢಶಾಲೆಗಳ ಬ್ಯಾಸ್ಕೆಟ್‌ಬಾಲ್ ಆಟದ ಏಳುಬೀಳನ್ನು ನೋಡಿದರೆ, ಹೆಸರಿಟ್ಟವರು ಭವಿಷ್ಯವನ್ನು ಅರಿತೇ ಇಟ್ಟರೇನೋ ಎನ್ನಿಸುತ್ತದೆ.

1908ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆ ಹುಟ್ಟಿದುದು ಈ ಊರಿನಲ್ಲಿ. ಮೋಟಾರು ಕಾರಿನೊಡನೆ ಊರೂ ಬೆಳೆಯಿತು. ದಕ್ಷಿಣದ ಹೊಲಗದ್ದೆಗಳನ್ನು ತೊರೆದು, ಕೈಗೆ ಕೆಲಸವನ್ನೂ ಬಾಳಿಗೆ ಮರ್ಯಾದೆಯನ್ನೂ ಅರಸಿ ಸಾವಿರಾರು ಕಪ್ಪು ಜನರ ಕುಟುಂಬಗಳು ಇಲ್ಲಿಗೆ ಬಂದುವು. 1937ರ ಫೆಬ್ರವರಿಯಲ್ಲಿ, ಕಾರ್ಖಾನೆಯ ಒಳಗೇ ಕುಳಿತು ನಡೆಸಿದ ಮುಷ್ಕರವನ್ನು ಗೆದ್ದ ಮೇಲೆ ಕಾರ್ಮಿಕರಿಗೆ ಸಂಘದ ಬಲವೂ ದೊರೆಯಿತು. 1960ರ ಹೊತ್ತಿಗೆ ಊರಿನ ಜನಸಂಖ್ಯೆ ಎರಡು ಲಕ್ಷದ ಸಮೀಪಕ್ಕೆ ಏರಿತ್ತು.

ಆದರೆ ಹಣವೊಂದರಿಂದಲೇ ಆಟಗಾರರು ಹುಟ್ಟುವುದಿಲ್ಲ. ಫ್ಲಿಂಟಿನ ಗುಟ್ಟು ಬೇರೊಂದಿತ್ತು. ಫ್ರಾಂಕ್ ಮ್ಯಾನ್ಲೀ ಎಂಬ ವ್ಯಾಯಾಮ ಶಿಕ್ಷಕರಿಗೆ ಒಂದು ವಿಚಾರ ಹೊಳೆಯಿತು: ಊರಿನ ಜನರ ತೆರಿಗೆಯಿಂದ ಎದ್ದ ಶಾಲೆಗೆ ಸಂಜೆಯಾಗುತ್ತಲೇ ಬೀಗ ಬೀಳಬೇಕೇಕೆ? ಉದ್ಯಮಿ ಚಾರ್ಲ್ಸ್ ಸ್ಟೂವರ್ಟ್ ಮಾಟ್ ಈ ಮಾತಿಗೆ ಒಲಿದರು. 1935ರಲ್ಲಿ ಅವರ ಪ್ರತಿಷ್ಠಾನ 6,000 ಡಾಲರುಗಳನ್ನು ಕೊಟ್ಟಿತು; ಐದು ಶಾಲೆಗಳ ಬಾಗಿಲು ಸಂಜೆಯ ವೇಳೆಯಲ್ಲೂ ತೆರೆಯಿತು. ಮುಂದೆ ಈ ಪದ್ಧತಿ ನಗರದ ತುಂಬ ಹಬ್ಬಿತು. ಮಿಷಿಗನ್ನಿನ ಚಳಿಗಾಲವೆಂದರೆ ಹಿಮದ ರಾಶಿ. ಆ ಚಳಿಯಲ್ಲಿ ಬಡಾವಣೆಯ ಹುಡುಗರಿಗೆ ದೀಪವುರಿಯುವ ಬೆಚ್ಚನೆಯ ಆಟದ ಮನೆಯೊಂದು ಕೂಗಳತೆಯಲ್ಲಿ ದೊರೆಯುವುದು ಸಾಮಾನ್ಯ ಭಾಗ್ಯವೇ? ನಮ್ಮ ಊರುಗಳಲ್ಲಿ ಗರಡಿಮನೆಗಿದ್ದ ಸ್ಥಾನ ಅದಕ್ಕಲ್ಲಿ ದೊರೆಯಿತು. ಹಿರಿಯರು ಆಡಿದರು, ಕಿರಿಯರು ಗೋಡೆಗೊರಗಿ ನಿಂತು ಕಲಿತರು.

ಫಲ ತಡವಾಗಿ ಬಂದರೂ ಧಾರಾಳವಾಗಿ ಬಂದಿತು. ದೊಡ್ಡ ಶಾಲೆಗಳ ವರ್ಗದಲ್ಲಿ ಮಿಷಿಗನ್ ಸಂಸ್ಥಾನದ ಕಿರೀಟವನ್ನು ಫ್ಲಿಂಟ್ ಸೆಂಟ್ರಲ್ ಶಾಲೆ 1981, 1982, 1983ರಲ್ಲಿ ಗೆದ್ದಿತು. 1984, 1985ರಲ್ಲಿ ಅದೇ ಊರಿನ ನಾರ್ತ್‌ವೆಸ್ಟರ್ನ್ ಶಾಲೆ ಗೆದ್ದಿತು. ಐದು ವರ್ಷ ಕಿರೀಟ ಊರಿನ ಗಡಿಯನ್ನು ದಾಟಲಿಲ್ಲ! ಆ ನಾರ್ತ್‌ವೆಸ್ಟರ್ನಿನ ಹುಡುಗ ಗ್ಲೆನ್ ರೈಸ್ 1989ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರಪ್ರಶಸ್ತಿಯನ್ನು ತಂದನು. ಆ ಒಂದೇ ಪಂದ್ಯಾವಳಿಯಲ್ಲಿ ಅವನು ಗಳಿಸಿದ ಅಂಕಗಳು 184.

ಅಷ್ಟರಲ್ಲಾಗಲೇ ಉಕ್ಕು ಕೈಬಿಡತೊಡಗಿತ್ತು. 1970ರ ದಶಕದ ಕೊನೆಗೆ ಸುಮಾರು 80,000 ಜನಕ್ಕೆ ಕೆಲಸ ಕೊಟ್ಟಿದ್ದ ಕಂಪೆನಿ ಒಂದೊಂದಾಗಿ ಕಾರ್ಖಾನೆಗಳನ್ನು ಮುಚ್ಚಿತು. ಕಾಲಕ್ರಮದಲ್ಲಿ ಆ ಸಂಖ್ಯೆ 10,000ಕ್ಕೂ ಕೆಳಗಿಳಿಯಿತು. 1999ರ ಜೂನ್‌ನಲ್ಲಿ ‘ಬ್ಯೂಕ್ ಸಿಟಿ’ ಎಂಬ ಮಹಾಕಾರ್ಖಾನೆಯೂ ನಿಂತಿತು. ವಿಧಿಯ ವಿನೋದವೆಂದರೆ, ಅದಾಗಿ ಒಂಬತ್ತು ತಿಂಗಳು ಕಳೆದು, 2000ದ ಏಪ್ರಿಲ್‌ನಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯ ರಾಷ್ಟ್ರಪ್ರಶಸ್ತಿಯನ್ನು ಗೆದ್ದಾಗ ಅದರ ಬೆನ್ನೆಲುಬಾಗಿದ್ದವರು ಮೂವರು ಫ್ಲಿಂಟಿನ ಹುಡುಗರು: ಮಟೀನ್ ಕ್ಲೀವ್ಸ್, ಮಾರಿಸ್ ಪೀಟರ್ಸನ್, ಚಾರ್ಲೀ ಬೆಲ್. ಅಂತಿಮ ಪಂದ್ಯದಲ್ಲಿ ಕ್ಲೀವ್ಸನ ಪಾದದ ಕೀಲು ಉಳುಕಿತು. ಕುಂಟುತ್ತಲೇ ಅವನು ಅಂಗಳಕ್ಕೆ ಮರಳಿದನು. ಕುಂಟುತ್ತಿದ್ದ ಊರೊಂದು ಅವನಲ್ಲಿ ತನ್ನನ್ನೇ ಕಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಆರುವ ಮುನ್ನ ದೀಪ ಒಮ್ಮೆ ಪ್ರಜ್ವಲಿಸಿದಂತೆ ಆಯಿತು ಅದು.

ಮೂವರೂ ಬೇರೆ ಬೇರೆ ಶಾಲೆಗಳಲ್ಲಿ ಓದಿದವರು. ಕ್ಲೀವ್ಸನದು ನಾರ್ದರ್ನ್, ಪೀಟರ್ಸನ್ನನದು ನಾರ್ತ್‌ವೆಸ್ಟರ್ನ್, ಬೆಲ್‌ನದು ಸೌತ್‌ವೆಸ್ಟರ್ನ್. ಒಂದೇ ಊರಿನ ಶಾಲೆಗಳು ತಮ್ಮತಮ್ಮೊಳಗೆ ಸೆಣಸಿ ಹದಗೊಂಡುದರಿಂದಲೇ ಹೊರಗಿನವರು ಅವಕ್ಕೆ ಎದುರಾಗಲು ಅಂಜುತ್ತಿದ್ದರು. 1923ರಲ್ಲಿ ತೆರೆದ ಸೆಂಟ್ರಲ್ ಶಾಲೆ 2009ರಲ್ಲಿ ಮುಚ್ಚಿತು. ಆಮೇಲೆ ನಾರ್ದರ್ನ್ ಹೋಯಿತು. 2018ರಲ್ಲಿ ನಾರ್ತ್‌ವೆಸ್ಟರ್ನ್ ಹೋಯಿತು. ನಾಲ್ಕರಲ್ಲಿ ಉಳಿದುದು ಸೌತ್‌ವೆಸ್ಟರ್ನ್ ಒಂದೇ. ಒಂದು ಕೈಯಿಂದ ಚಪ್ಪಾಳೆ ಹೇಗೆ?

ಮಕ್ಕಳಿಲ್ಲದ ಮೇಲೆ ಶಾಲೆಗಳಾದರೂ ಹೇಗೆ ನಿಂತಾವು? 1960ರ ದಶಕದಲ್ಲಿ 40,000ಕ್ಕೂ ಮಿಕ್ಕಿದ್ದ ವಿದ್ಯಾರ್ಥಿಗಳ ಸಂಖ್ಯೆ ಇಂದು 4,000ವೂ ಇಲ್ಲ. 2020ರ ಜನಗಣತಿಯಲ್ಲಿ ಊರಿನ ಜನವೇ 81,252. 1990ರ ದಶಕದ ಕಾನೂನುಗಳು ಮಕ್ಕಳನ್ನು ನೆರೆಯೂರಿನ ಶಾಲೆಗಳಿಗೂ ಹೊಸ ಬಗೆಯ ಸ್ವತಂತ್ರ ಶಾಲೆಗಳಿಗೂ ಸೇರಿಸಲು ಅನುವು ಮಾಡಿದುವು. ಮಗುವಿನ ಬೆನ್ನಿಗೇ ಸರಕಾರದ ಹಣವೂ ಹೊರಟಿತು. 2014ರಲ್ಲಿ ನಗರದ ನಲ್ಲಿಗಳಿಗೆ ಫ್ಲಿಂಟ್ ನದಿಯ ನೀರನ್ನು ಬಿಟ್ಟಾಗ ಹಳೆಯ ಕೊಳವೆಗಳ ಸೀಸ ಮಕ್ಕಳ ಮೈ ಸೇರಿತು. ಕುಡಿಯುವ ನೀರೇ ವಿಷವಾದ ಊರನ್ನು ಬಿಟ್ಟುಹೋದ ತಾಯಿತಂದೆಯರನ್ನು ಯಾವ ನಾಲಗೆ ದೂರೀತು?

ಹಾಗಾದರೆ ಪ್ರತಿಭೆಯೇ ಬತ್ತಿತೆ? ಇಲ್ಲ. ಫ್ಲಿಂಟಿನಲ್ಲಿ ಹುಟ್ಟಿದ ಮೈಲ್ಸ್ ಬ್ರಿಜಸ್, ಕೈಲ್ ಕುಜ್ಮಾ ಇಬ್ಬರೂ ಅಮೆರಿಕದ ಅತ್ಯುನ್ನತ ವೃತ್ತಿಪರ ಲೀಗನ್ನು ಮುಟ್ಟಿದರು. ಆದರೆ ಪ್ರೌಢಶಾಲೆಯ ಓದನ್ನು ಒಬ್ಬನು ಮುಗಿಸಿದುದು ವೆಸ್ಟ್ ವರ್ಜೀನಿಯಾದಲ್ಲಿ, ಮತ್ತೊಬ್ಬನು ಫಿಲಡೆಲ್ಫಿಯಾದಲ್ಲಿ. ಬೀಜ ಇನ್ನೂ ಆ ಊರಿನದೇ. ಪೈರು ಮಾತ್ರ ಪರರ ಹೊಲದಲ್ಲಿ. ಇದಕ್ಕೆ ಪ್ರತಿಯಾಗಿ, ನಗರದ ಅಂಚಿಗೇ ಇರುವ ಬೀಚರ್ ಎಂಬ ಪುಟ್ಟ ಬಡ ಬಡಾವಣೆ ತನ್ನ ಒಂದೇ ಶಾಲೆಯನ್ನು ಬಿಗಿದಪ್ಪಿ ಉಳಿಸಿಕೊಂಡಿತು. ಚಿಕ್ಕ ಶಾಲೆಗಳ ವರ್ಗದಲ್ಲಿ 2012ರಿಂದ 2017ರವರೆಗಿನ ಆರು ವರ್ಷಗಳಲ್ಲಿ ಐದು ಬಾರಿ ಅದು ಸಂಸ್ಥಾನದ ಕಿರೀಟವನ್ನು ಧರಿಸಿತು. ಅಲ್ಲಿಯೂ ಬಡತನವಿತ್ತು, ಆದರೆ ಶಾಲೆಯಿತ್ತು, ಶಾಲೆಗೊಂದು ಹೆಸರಿತ್ತು, ಆ ಹೆಸರಿಗಾಗಿ ಕೂಗುವ ನೆರೆಹೊರೆಯಿತ್ತು.

ದೊಡ್ಡ ಆಟಗಾರನು ದೂರದ ಪರದೆಯ ಮೇಲೆ ಕಂಡರೆ ಮಗು ಬೆರಗಾಗುತ್ತದೆ, ಅಷ್ಟೇ. ಅದೇ ಆಟಗಾರನು ಸಂಜೆ ತನ್ನ ಬೀದಿಯಲ್ಲಿ ಚೆಂಡು ಪುಟಿಸುತ್ತ ನಡೆದುಹೋದರೆ, ‘ನಾನೂ ಆಗಬಲ್ಲೆ’ ಎಂಬ ಧೈರ್ಯ ಆ ಮಗುವಿನ ಎದೆಯಲ್ಲಿ ಮೊಳೆಯುತ್ತದೆ. ಫ್ಲಿಂಟ್ ಕಳೆದುಕೊಂಡುದು ಕಿರೀಟಗಳನ್ನಲ್ಲ, ಆ ನಡೆದುಹೋಗುವ ಹುಡುಗನನ್ನು. ಅವನನ್ನು ಮರಳಿ ತರಲು ಮೋಟಾರು ಕಾರ್ಖಾನೆಯೇ ಮರಳಿ ಬರಬೇಕೆಂದೇನೂ ಇಲ್ಲ. 6,000 ಡಾಲರು, ಐದು ಶಾಲೆಗಳು, ಸಂಜೆಯ ದೀಪ: ಮೊದಲ ಸಲ ಊರು ಆರಂಭಿಸಿದುದು ಇಷ್ಟರಿಂದಲೇ.