ಊರ ಹುಡುಗರೂ ಹೊರಗಿನ ಹುಡುಗರೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಫುಟ್‌ಬಾಲ್ ಎಂದು ಕರೆಯಲ್ಪಡುವ ಆಟವು ನಮ್ಮ ಮಕ್ಕಳು ಕಾಲಿನಿಂದ ಒದೆದು ಆಡುವ ಚೆಂಡಾಟವಲ್ಲವೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಅದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಹನ್ನೊಂದು ಮಂದಿ ಎದುರಿನ ಹನ್ನೊಂದು ಮಂದಿಯನ್ನು ನೂಕಿ, ಗಜಗಜವಾಗಿ ನೆಲವನ್ನು ಗೆದ್ದುಕೊಳ್ಳುವ ಆಟ. ಸಂಬಳಕ್ಕೆ ಆಡುವ ತಂಡಗಳು ದೊಡ್ಡ ಪಟ್ಟಣಗಳಲ್ಲಿ ಬೇರೆ ಇರುವುವು. ಅಂತಹ ತಂಡವಿಲ್ಲದ ಸಂಸ್ಥಾನಗಳಲ್ಲಿ ಜನರ ಅಭಿಮಾನವೆಲ್ಲವೂ ತಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡದ ಮೇಲೆಯೇ ನಿಂತಿರುವುದು. ನೆಬ್ರಾಸ್ಕಾ ಅಂತಹ ಸಂಸ್ಥಾನಗಳಲ್ಲೊಂದು.

2024ನೆಯ ಇಸವಿ ಸೆಪ್ಟೆಂಬರಿನಿಂದ ಆರು ತಿಂಗಳ ಕಾಲ ನಾವು ಅದರ ರಾಜಧಾನಿಯಾದ ಲಿಂಕನ್ ಪಟ್ಟಣದಲ್ಲಿ ಮಗಳು ಅಳಿಯಂದಿರ ಮನೆಯಲ್ಲಿದ್ದೆವು. ಶನಿವಾರ ಪಂದ್ಯವಿದ್ದರೆ ಮುದುಕರು, ಹೆಂಗಸರು, ತೊಟ್ಟಿಲ ಕೂಸುಗಳು ಸಹ ಕೆಂಪು ಬಟ್ಟೆಯನ್ನು ತೊಟ್ಟು ಹೊರಡುವುದನ್ನು ಕಂಡು ನಮ್ಮ ಮನೆಯವರು, “ಇದೇನು, ತೇರಿಗೆ ಹೊರಟ ಹಾಗಿದೆಯಲ್ಲ” ಎಂದರು. ಹಾಗೆಯೇ ಇದ್ದಿತು. 1923ರಲ್ಲಿ ಕಟ್ಟಿದ ಅಲ್ಲಿನ ಕ್ರೀಡಾಂಗಣದಲ್ಲಿ ಈಗ ಎಂಬತ್ತೈದು ಸಾವಿರ ಮಂದಿ ಹಿಡಿಸುವರು. 1962ರಿಂದ ಈಚೆಗೆ ಟಿಕೇಟುಗಳೆಲ್ಲ ಮಾರಾಟವಾಗದ ಪಂದ್ಯವೇ ಇಲ್ಲವೆಂದು ಲೆಕ್ಕವಿಟ್ಟಿರುವರು. ಇಡೀ ಸಂಸ್ಥಾನದ ಜನಸಂಖ್ಯೆಯಾದರೋ 2020ರ ಗಣತಿಯಂತೆ ಇಪ್ಪತ್ತು ಲಕ್ಷಕ್ಕೂ ಕಡಿಮೆ.

ಈ ಜನಸಂಖ್ಯೆಯಿಂದಲೇ ಅವರ ಜಗಳ ಹುಟ್ಟಿರುವುದು. ತಂಡಕ್ಕೆ ಹುಡುಗರನ್ನು ನೆಬ್ರಾಸ್ಕಾದ ಶಾಲೆಗಳಿಂದಲೇ ಆರಿಸಬೇಕೋ, ಹೊರ ಸಂಸ್ಥಾನಗಳಿಂದ ಕರೆತರಬೇಕೋ? ಅಲ್ಲಿ ಕಾಲೇಜಿನ ತರಬೇತುದಾರರು ಪ್ರೌಢಶಾಲೆಯ ಹುಡುಗರ ಆಟವನ್ನು ನೋಡಲು ಊರೂರು ತಿರುಗಿ, ಮೆಚ್ಚಿದ ಹುಡುಗನ ಮನೆಗೇ ಹೋಗಿ, ತಂದೆತಾಯಿಗಳೊಡನೆ ಊಟಕ್ಕೆ ಕುಳಿತು, ಹೆಣ್ಣು ಕೇಳುವವರ ವಿನಯದಿಂದ ಮಾತನಾಡಿ ಒಪ್ಪಿಸುವರು. ಒಪ್ಪಿದವನಿಗೆ ಶುಲ್ಕ, ಊಟ, ವಸತಿ, ಪುಸ್ತಕ ಎಲ್ಲವೂ ವಿದ್ಯಾರ್ಥಿವೇತನದಿಂದ ನಡೆಯುವುದು. ಊರ ಪಕ್ಷದವರು, “ನಮ್ಮ ತೆರಿಗೆಯಿಂದ ನಡೆಯುವ ವಿದ್ಯಾಲಯ, ಮಗುವಾಗಿದ್ದಾಗಿನಿಂದ ಕೆಂಪಂಗಿ ತೊಟ್ಟು ಬೆಳೆದ ನಮ್ಮ ಹುಡುಗನನ್ನು ಬಿಟ್ಟು ಫ್ಲಾರಿಡಾಕ್ಕೆ ಏಕೆ ಹೋಗಬೇಕು?” ಎನ್ನುವರು. ಎದುರು ಪಕ್ಷದವರು, “ಟೆಕ್ಸಾಸಿನಲ್ಲಿ ಸುಮಾರು ಮೂರು ಕೋಟಿ ಜನರಿರುವರು, ನಮ್ಮ ಬಾವಿಯಲ್ಲಿ ಎಷ್ಟು ಸೇದಿದರೆ ಅವರ ಕೆರೆಗೆ ಸಮನಾದೀತು?” ಎನ್ನುವರು.

ಇಬ್ಬರ ಮಾತಿಗೂ ಆಧಾರವುಂಟು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಪ್ರತಿವರ್ಷವೂ ಹೈಸ್‌ಮನ್ ಎಂಬ ಪಾರಿತೋಷಕವನ್ನು ಕೊಡುವರು. ನೆಬ್ರಾಸ್ಕಾದ ಮೂವರಿಗೆ ಅದು ಬಂದಿರುವುದು. 1972ರಲ್ಲಿ ಪಡೆದ ಜಾನಿ ರಾಜರ್ಸನೂ 2001ರಲ್ಲಿ ಪಡೆದ ಎರಿಕ್ ಕ್ರೌಚನೂ ಅದೇ ಸಂಸ್ಥಾನದ ಒಮಾಹಾ ಪಟ್ಟಣದವರು. 1983ರಲ್ಲಿ ಪಡೆದ ಮೈಕ್ ರೋಜಿಯರನು ದೂರದ ನ್ಯೂಜರ್ಸಿಯವನು. ತರಬೇತುದಾರರಲ್ಲಿಯೂ ಹೀಗೆಯೇ. 1970, 1971ರಲ್ಲಿ ತಂಡವನ್ನು ದೇಶಕ್ಕೆ ಮೊದಲನೆಯದಾಗಿ ಮಾಡಿದ ಬಾಬ್ ಡೆವೇನಿಯವರು ಮಿಷಿಗನ್ ಸಂಸ್ಥಾನದಿಂದ ಬಂದವರು. ಅವರ ಬಳಿಕ 1973ರಿಂದ 1997ರವರೆಗೆ ತಂಡವನ್ನು ನಡೆಸಿ 255 ಪಂದ್ಯಗಳನ್ನು ಗೆದ್ದ ಟಾಮ್ ಆಸ್ಬಾರ್ನರು ಅಲ್ಲಿಯ ಹೇಸ್ಟಿಂಗ್ಸ್ ಊರಿನವರು.

ನಮಗೆ ತೋರುವಂತೆ ಎರಡು ಪಕ್ಷದವರೂ ಇದನ್ನು ಅಭಿಮಾನದ ಪ್ರಶ್ನೆಯೆಂದು ಭಾವಿಸಿ ವಾದಿಸುತ್ತಿರುವರು. ಗೃಹಸ್ಥರ ಕಣ್ಣಿನಿಂದ ನೋಡಿದರೆ ಅದು ಬಹುಮಟ್ಟಿಗೆ ಖರ್ಚಿನ ಪ್ರಶ್ನೆ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆಯಾ ಸಂಸ್ಥಾನದ ನಿವಾಸಿಗಳಿಗೆ ಒಂದು ಶುಲ್ಕ, ಹೊರಗಿನವರಿಗೆ ಬೇರೊಂದು. ನೆಬ್ರಾಸ್ಕಾದಲ್ಲಿ ಹೊರಗಿನವರ ದರವು ಸುಮಾರು ಮೂರರಷ್ಟು. ನಮ್ಮ ಮಗಳು ಓದಲು ಹೋದಾಗ ನಾವು ಈ ಹೊರಗಿನ ದರವನ್ನೇ ತೆತ್ತು, ಅದಕ್ಕಾಗಿ ಮಾಡಿದ ಬ್ಯಾಂಕಿನ ಸಾಲವನ್ನು ಏಳು ವರ್ಷ ತೀರಿಸಿದವರಾದುದರಿಂದ ಈ ವಿಷಯವನ್ನು ಯಾರೂ ನಮಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನು ಈ ಎರಡು ದರಗಳಿಂದ ತಂಡಕ್ಕೆ ಆದುದನ್ನು ನೋಡೋಣ. ಪೂರ್ಣ ವಿದ್ಯಾರ್ಥಿವೇತನಗಳ ಸಂಖ್ಯೆಗೆ ದೇಶಕ್ಕೆಲ್ಲ ಒಂದು ಮಿತಿಯಿದ್ದಿತು: 1973ರಲ್ಲಿ 105, 1978ರಲ್ಲಿ 95, 1994ರಿಂದ 85. ಈ ಸಂಖ್ಯೆಗೆ ಹೊರತಾಗಿ ತನ್ನ ಶುಲ್ಕವನ್ನು ತಾನೇ ತೆತ್ತು ತಂಡದಲ್ಲಿ ಸೇರುವವನನ್ನು ‘ವಾಕ್ ಆನ್’ ಎನ್ನುವರು, ಎಂದರೆ ತಾನಾಗಿ ನಡೆದು ಬಂದವನು. ಮೂರರಷ್ಟು ಶುಲ್ಕವನ್ನು ತೆತ್ತು, ಆಡುವೆನೆಂಬ ಭರವಸೆಯೂ ಇಲ್ಲದೆ, ಸಾವಿರ ಮೈಲಿ ದೂರದಿಂದ ಯಾವ ತಂದೆಯು ಮಗನನ್ನು ಕಳುಹಿಸುವನು? ಆದುದರಿಂದ ನಡೆದು ಬಂದವರಲ್ಲಿ ಹೆಚ್ಚಿನವರು ನೆಬ್ರಾಸ್ಕಾದ ಹೊಲಮನೆಗಳ ಹುಡುಗರೇ ಆಗಿರುತ್ತಿದ್ದರು. ಡೆವೇನಿ, ಆಸ್ಬಾರ್ನರು ಇಂತಹವರನ್ನು ಧಾರಾಳವಾಗಿ ಸೇರಿಸಿಕೊಂಡುದರಿಂದ ತಂಡದಲ್ಲಿ ನೂರೈವತ್ತು ಮಂದಿಯವರೆಗೂ ಇರುತ್ತಿದ್ದರು. ಅವರು ಎರಡು ಮೂರು ವರ್ಷ ಅಭ್ಯಾಸದಲ್ಲಿ ಪೆಟ್ಟು ತಿಂದು, ಮೈ ಬೆಳೆಸಿಕೊಂಡು, ಕೆಲವರು ಕಡೆಗೆ ವಿದ್ಯಾರ್ಥಿವೇತನವನ್ನೂ ಪಡೆಯುತ್ತಿದ್ದರು.

1994ರಲ್ಲಿ ನಡೆದುದನ್ನು ಅಲ್ಲಿನವರು ಇಂದಿಗೂ ಸ್ವಾರಸ್ಯವಾಗಿ ಹೇಳುವರು. ನಮಗೆ ಹೇಳಿದವರು ಔಷಧದಂಗಡಿಯ ಒಬ್ಬ ವೃದ್ಧರು. ತಂಡದಲ್ಲಿ ಆಟವನ್ನು ನಡೆಸುವವನನ್ನು ಕ್ವಾರ್ಟರ್‌ಬ್ಯಾಕ್ ಎನ್ನುವರು. ಆಗ ಆ ಸ್ಥಾನದಲ್ಲಿದ್ದವನು ಫ್ಲಾರಿಡಾದಿಂದ ಕರೆತಂದ ಟಾಮಿ ಫ್ರೇಜಿಯರ್. ಅವನ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಆಡದಂತಾಯಿತು. ಅವನ ಬದಲು ನಿಂತ ನೆರೆಯ ಕ್ಯಾನ್ಸಾಸಿನ ಬ್ರೂಕ್ ಬೆರಿಂಜರನಿಗೆ ಆಟದಲ್ಲಿ ಪೆಟ್ಟಾಗಿ ಶ್ವಾಸಕೋಶ ಕುಸಿಯಿತು. ಹೀಗಾಗಿ ಅಕ್ಟೋಬರಿನಲ್ಲಿ ಕ್ಯಾನ್ಸಾಸ್ ಸ್ಟೇಟ್ ತಂಡದ ಮೇಲಣ ಪಂದ್ಯವನ್ನು ಆರಂಭಿಸಿದವನು ವಾಹೂ ಎಂಬ ಸಣ್ಣ ಊರಿನ ಮ್ಯಾಟ್ ಟರ್ಮನ್, ನಡೆದು ಬಂದ ಹುಡುಗ. ಆ ಪಂದ್ಯವನ್ನು 17ಕ್ಕೆ 6ರಂತೆ ಗೆದ್ದು, ಆ ಸಲದ ಹದಿಮೂರು ಪಂದ್ಯಗಳನ್ನೂ ಗೆದ್ದು, ತಂಡವು ದೇಶಕ್ಕೆ ಮೊದಲನೆಯದಾಯಿತು. ಮುಂದೆ ನಿಂತು ಗೋಡೆಯಂತೆ ತಡೆದ ಐವರಲ್ಲಿ ಮೂವರು ಫ್ರೀಮಾಂಟ್, ಲಿಂಕನ್, ಹೇಸ್ಟಿಂಗ್ಸ್ ಊರುಗಳವರು. ಒಬ್ಬನು ಟೆಕ್ಸಾಸಿನವನು, ಒಬ್ಬನು ಕ್ಯಾಲಿಫೋರ್ನಿಯಾದವನು. ಓಟಕ್ಕೆ ಹೊರಗಿನವರು, ಗೋಡೆಗೆ ಊರವರು ಎಂದು ಆ ವೃದ್ಧರು ನಕ್ಕರು. ಲೆಕ್ಕ ಪೂರ್ತಿ ಹಾಗೆ ಕೂಡದಿದ್ದರೂ ಮಾತು ಚೆನ್ನಾಗಿದ್ದಿತು.

ಊರವರನ್ನು ಕಾಣದೆ ಬಿಟ್ಟುದೂ ಉಂಟು. ಒಮಾಹಾದ ಶಾಲೆಯಲ್ಲಿ ಆಡಿದ ಗೇಲ್ ಸೇಯರ್ಸನು ಡೆವೇನಿಯವರು ಬರುವುದಕ್ಕೆ ಮೊದಲೇ ಕ್ಯಾನ್ಸಾಸಿಗೆ ಹೋಗಿ, ಬಳಿಕ ಷಿಕಾಗೋ ತಂಡದಲ್ಲಿ ಜಗತ್ಪ್ರಸಿದ್ಧನಾದನು. ನಾರ್ತ್ ಪ್ಲಾಟ್ ಊರಿನ ಡ್ಯಾನಿ ವುಡ್‌ಹೆಡ್ಡನನ್ನು ಆಕಾರದಲ್ಲಿ ಚಿಕ್ಕವನೆಂದು ದೊಡ್ಡ ವಿದ್ಯಾಲಯದವರು ವಿದ್ಯಾರ್ಥಿವೇತನ ಕೊಟ್ಟು ಕರೆಯಲಿಲ್ಲ. ಅವನು ಅದೇ ಸಂಸ್ಥಾನದ ಮೂಲೆಯಲ್ಲಿರುವ ಚಾಡ್ರನ್ ಎಂಬಲ್ಲಿಯ ಚಿಕ್ಕ ಕಾಲೇಜಿನಲ್ಲಿ ಸೇರಿ, 2007ರ ವೇಳೆಗೆ ಕಾಲೇಜು ಆಟಗಾರರೆಲ್ಲರಲ್ಲಿಯೂ ಹೆಚ್ಚು ಗಜಗಳನ್ನು ಓಡಿದವನೆನ್ನಿಸಿಕೊಂಡನು. ದೂರದ ಗುಡ್ಡವನ್ನು ನೋಡುವ ಕಣ್ಣಿಗೆ ಅಂಗಳದ ಗಿಡ ಕಾಣದೆ ಹೋಗುವುದುಂಟಷ್ಟೆ.

ಈಗ ಕಾಲ ಬೇರೆಯಾಗಿರುವುದು. ನೆಬ್ರಾಸ್ಕಾ ತಂಡವು 2011ರಲ್ಲಿ ಹಳೆಯ ಕೂಟವನ್ನು ಬಿಟ್ಟು ಉತ್ತರದ ಕೂಟವನ್ನು ಸೇರಿದ ಮೇಲೆ ಟೆಕ್ಸಾಸಿನಲ್ಲಿ ಆಡುವುದು ನಿಂತುಹೋಗಿ, ಮಗನ ಆಟವನ್ನು ಹತ್ತಿರದಲ್ಲೇ ನೋಡಬಹುದೆಂದು ಅಲ್ಲಿಯ ತಾಯ್ತಂದೆಗಳಿಗೆ ಹೇಳುವಂತಿಲ್ಲ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಸಂಪಾದಿಸಬಹುದಾಗಿದೆ. ಇವೆಲ್ಲಕ್ಕಿಂತ ಊರ ಹುಡುಗರಿಗೆ ಹತ್ತಿರವಾದುದು 2025ನೆಯ ಜೂನ್ ತಿಂಗಳಲ್ಲಿ ನ್ಯಾಯಾಲಯವು ಒಪ್ಪಿದ ರಾಜಿ. ಅದರಂತೆ ವಿದ್ಯಾಲಯಗಳು ಆಟಗಾರರಿಗೆ ನೇರವಾಗಿಯೇ ಹಣ ಕೊಡಬಹುದು. ವಿದ್ಯಾರ್ಥಿವೇತನದ ಮಿತಿ ಹೋಯಿತು. ಆದರೆ ರಾಜಿಗೆ ಒಳಪಟ್ಟ ತಂಡಗಳಲ್ಲಿ ಒಟ್ಟು ಆಟಗಾರರು 105ನ್ನು ಮೀರಬಾರದು. ಆಗಲೇ ತಂಡಗಳಲ್ಲಿದ್ದ ಕೆಲವರಿಗೆ ವಿನಾಯಿತಿಯಿಟ್ಟಿರುವರು, ಹೊಸದಾಗಿ ಬರುವವರಿಗಿಲ್ಲ. ಸಂಬಳ ಬರಬೇಕಾದವರಿಗೆ ಅದು ಬಂದುದು ನ್ಯಾಯವೇ. ಆದರೆ ನೂರೈವತ್ತು ಇದ್ದ ಪಂಕ್ತಿಯಲ್ಲಿ ನೂರೈದು ಎಲೆಗಳನ್ನು ಮಾತ್ರ ಹಾಕಿದರೆ ಎದ್ದು ಹೋಗಬೇಕಾದವರು ಯಾರು? ಕರೆಯದೆ ಬಂದವರು, ಎಂದರೆ ಊರವರು. ಹೊರಗಿನವರನ್ನು ಕರೆತರುವುದರಿಂದ ಊರವರಿಗೆ ಇದುವರೆಗೆ ಹಾನಿಯಾಗಿರಲಿಲ್ಲ, ಇಬ್ಬರಿಗೂ ಎಡೆಯಿದ್ದಿತು. ಆ ಎಡೆ ಈಗ ಹೋಯಿತು.

ನಮ್ಮ ಮಗಳ ಪಕ್ಕದ ಮನೆಯ ಹುಡುಗನು ಆ ವರ್ಷ ಪ್ರೌಢಶಾಲೆಯ ಕಡೆಯ ತರಗತಿಯಲ್ಲಿದ್ದನು. ಆರಡಿ ಮೂರಂಗುಲದ ಆಳು. ಹಿಮ ಬಿದ್ದ ಬೆಳಗ್ಗೆ ನಾವು ಏಳುವುದರೊಳಗೆ ನಮ್ಮ ಬಾಗಿಲ ಮುಂದಿನ ದಾರಿಯನ್ನೂ ಗುದ್ದಲಿಯಿಂದ ಬಿಡಿಸಿರುತ್ತಿದ್ದನು. ಅವನ ತಂದೆಯೂ ಅವರ ಕಾಲದಲ್ಲಿ ನಡೆದು ಬಂದು ಆಡಿದವರು. ರಾಜಿಯ ಮಾತು ಆಗಲೇ ಪತ್ರಿಕೆಗಳಲ್ಲಿ ಬರುತ್ತಿದ್ದುದರಿಂದ, ಇನ್ನು ಮುಂದೆ ಅಂತಹ ಸ್ಥಾನಗಳು ಬೆರಳೆಣಿಕೆಯವೆಂದು ಮನೆಯವರಿಗೆಲ್ಲ ಗೊತ್ತಿದ್ದಿತು. ಹುಡುಗನ ಮುಂದೆ ಇದ್ದವು ಎರಡು ದಾರಿಗಳು: ನೆರೆಯ ಸಂಸ್ಥಾನದ ಒಂದು ಕಾಲೇಜಿನಲ್ಲಿ ಪೂರ್ಣ ವೇತನ, ಕಾರಿನಲ್ಲಿ ಎಂಟು ಗಂಟೆಯ ದೂರ; ನೆಬ್ರಾಸ್ಕಾದೊಳಗೆಯೇ ಒಂದು ಚಿಕ್ಕ ಕಾಲೇಜಿನಲ್ಲಿ ಅರ್ಧ ವೇತನ. ತಂದೆಯವರು ಎರಡನ್ನೂ ಬಿಟ್ಟು ದೊಡ್ಡ ತಂಡದ ಬಾಗಿಲಲ್ಲೇ ಒಂದು ವರ್ಷ ಕಾದು ನೋಡಲೆಂದು ಒಳಗೊಳಗೇ ಬಯಸುತ್ತಿದ್ದರು.

ಫೆಬ್ರವರಿಯಲ್ಲಿ ಒಂದು ಸಂಜೆ ಆ ತಾಯಿ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತ, ಹಾಳೆಯ ಮೇಲೆ ಬರೆದ ಲೆಕ್ಕವನ್ನು ನಮ್ಮ ಮನೆಯವರಿಗೆ ತೋರಿಸಿದರು. ಒಂದು ಕಡೆ ಶುಲ್ಕ, ಊಟ, ಕೊಠಡಿ. ಇನ್ನೊಂದು ಕಡೆ ಪ್ರತಿ ಶನಿವಾರ ಹೋಗಿಬರುವ ಪೆಟ್ರೋಲು, ರಾತ್ರಿ ತಂಗುವ ಹೋಟೆಲು. ಗಂಡನ ಆಸೆಗೆ ಆ ಹಾಳೆಯಲ್ಲಿ ಸಾಲೇ ಇರಲಿಲ್ಲ. ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಅಂಕಿಗಳನ್ನೆಲ್ಲ ನೋಡಿ, “ಹುಡುಗ ಏನನ್ನುತ್ತಾನೆ?” ಎಂದು ಮಗಳ ಮೂಲಕ ಕೇಳಿಸಿದರು. “ಮೈದಾನದಲ್ಲಿ ನಿಂತು ನೋಡುವುದು ಬೇಡ, ಆಡಬೇಕು ಅನ್ನುತ್ತಾನೆ” ಎಂದರು ಆಕೆ.

ಅವನು ಚಿಕ್ಕ ಕಾಲೇಜಿಗೆ ಸೇರಿದನು. ನಾವು ಊರಿಗೆ ಮರಳಿದ ಮೇಲೆ, 2025ರ ಅಕ್ಟೋಬರಿನಲ್ಲಿ, ಮಗಳು ಒಂದು ಭಾವಚಿತ್ರವನ್ನು ಕಳುಹಿಸಿದ್ದಳು. ಮರದ ಹಲಗೆಗಳ ಮೇಲೆ ಕೆಲವು ನೂರು ಜನ ಕುಳಿತಿರುವರು. ಮುಂದಿನ ಸಾಲಿನಲ್ಲಿ ಆ ತಂದೆಯವರು, ಕೆಂಪಂಗಿಯನ್ನು ಬಿಟ್ಟು ಮಗನ ಕಾಲೇಜಿನ ನೀಲಿ ಅಂಗಿಯನ್ನು ತೊಟ್ಟು, ಎದ್ದು ನಿಂತು ಕೂಗುತ್ತಿರುವರು.