ಒಂದು ಸೀಸೆಯ ಕಳಂಕ

ನಮ್ಮ ಅಜ್ಜಿಯು 1898ರಲ್ಲಿ ಹುಬ್ಬಳ್ಳಿಯಲ್ಲಿ ಏಳು ವರ್ಷದ ಹುಡುಗಿ. "ಇಲಿ ಬಿದ್ದಾವ ಅಂದ್ರ ಮುಗೀತು; ಹಾಸಿಗಿ ಸುತ್ತಿಕೊಂಡು ಹೊಲಕ್ಕ ಹೋಗೂದು" ಎಂದು ಆಕೆ ಹೇಳುತ್ತಿದ್ದಳು. ಆ ವರ್ಷ ಅಲ್ಲಿ ಸಹಸ್ರಾರು ಜನರು ಪ್ಲೇಗಿನ ಸೂಜಿಯನ್ನು ಚುಚ್ಚಿಸಿಕೊಂಡರು. ಅವರಲ್ಲಿ ಆಕೆಯೂ ಒಬ್ಬಳು. ಆಕೆ ಬದುಕಿ ಉಳಿದುದರಿಂದಲೇ ಇಂದು ನಾನು ವಾಚಕರ ಮುಂದೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿರುವೆನು.

ಆ ಮದ್ದನ್ನು ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್ನರು. ಅವರು 1860ರಲ್ಲಿ ಒಡೆಸ್ಸಾದಲ್ಲಿ ಜನಿಸಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾದ ಮದ್ದನ್ನು ಸಿದ್ಧಪಡಿಸಿ, 1893ರಲ್ಲಿ ಭರತಖಂಡಕ್ಕೆ ಬಂದರು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಲು, ಗ್ರಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಕೋಣೆಯೊಂದರಲ್ಲಿ ಕೆಲಸಕ್ಕೆ ತೊಡಗಿದರು. ಮಾಂಸರಸದ ಮೇಲೆ ತುಪ್ಪದ ಹನಿಗಳನ್ನು ತೇಲಿಸಿದರೆ, ಅವುಗಳ ಕೆಳಗೆ ಪ್ಲೇಗಿನ ಜೀವಾಣುಗಳು ಆಲದ ಬಿಳಲುಗಳಂತೆ ಜೋತು ಬೆಳೆಯುವವು. ಅವನ್ನು ಕಾಯಿಸಿ ಕೊಂದು ಮದ್ದು ಮಾಡಿದರು. 1897ರ ಜನವರಿ 10ರಂದು ಅದನ್ನು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು.

ಇಂತಹವರಿಗೂ ಅಪವಾದವು ತಪ್ಪಲಿಲ್ಲ. 1902ರ ಅಕ್ಟೋಬರದಲ್ಲಿ ಅಂದಿನ ಪಂಜಾಬದ ಮುಲ್ಕೋವಾಲ ಗ್ರಾಮದಲ್ಲಿ, ಒಂದೇ ಸೀಸೆಯ ಮದ್ದನ್ನು ಚುಚ್ಚಿಸಿಕೊಂಡ 19 ಜನರು ಧನುರ್ವಾಯುವಿನಿಂದ ಮಡಿದರು. ವಿಚಾರಣೆಯವರು ದೋಷವನ್ನು ಮುಂಬಯಿಯ ಪ್ರಯೋಗಶಾಲೆಯ ಮೇಲೆ ಹೊರಿಸಿದರು. ಹಾಫ್‌ಕಿನ್ನರು ಅಧಿಕಾರವನ್ನು ಕಳೆದುಕೊಂಡರು. ಆದರೆ ಗ್ರಾಮದಲ್ಲಿ ಆ ಸೀಸೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಅದನ್ನು ಬೆಂಕಿಯಲ್ಲಿ ಕಾಯಿಸದೆ ಮತ್ತೆ ಉಪಯೋಗಿಸಿದ್ದರು. ಧನುರ್ವಾಯುವಿನ ಜೀವಾಣುಗಳು ಪ್ರಯೋಗಶಾಲೆಯಲ್ಲಿಯೇ ಸೇರಿ ಬೆಳೆದಿದ್ದರೆ, ಸೀಸೆಯನ್ನು ತೆರೆದೊಡನೆ ದುರ್ಗಂಧವು ಬರಬೇಕಾಗಿತ್ತು, ಅದು ಬಂದಿರಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ದನಿಯೆತ್ತಿದ ಮೇಲೆ, 1907ರಲ್ಲಿ ಕಳಂಕವು ತೊಲಗಿತು. 1925ರಲ್ಲಿ ಮುಂಬಯಿಯ ಆ ಸಂಸ್ಥೆಗೆ ಅವರ ಹೆಸರನ್ನೇ ಇಟ್ಟರು. ನಡುವೆ ಕಳೆದುಹೋದ ವರ್ಷಗಳನ್ನು ಮಾತ್ರ ಯಾರೂ ಹಿಂದಿರುಗಿಸಲಾರದೆ ಹೋದರು.

ನಾನೂ ಮೂವತ್ತು ವರ್ಷಗಳನ್ನು ಜೀವಾಣುಗಳ ಪರೀಕ್ಷೆಯಲ್ಲಿಯೇ ಕಳೆದವನು. ಒಮ್ಮೆ ನಮ್ಮ ಪ್ರಯೋಗಶಾಲೆಯಲ್ಲಿ ಜೀವಾಣುಗಳನ್ನು ಬೆಳೆಸುವ ಗಾಜಿನ ತಟ್ಟೆಗಳು ಸಾಲುಸಾಲಾಗಿ ಕೆಟ್ಟವು. "ಸಹಾಯಕನ ಅಲಕ್ಷ್ಯ" ಎಂದು ದಫ್ತರದಲ್ಲಿ ಒಂದು ಸಾಲು ಬರೆದೆನು. ಆ ತರುಣನಿಗೆ ದೂರದೂರಿಗೆ ವರ್ಗವಾಯಿತು. ಆರು ತಿಂಗಳಾದ ಬಳಿಕ, ತಟ್ಟೆಗಳನ್ನು ಉಗಿಯಲ್ಲಿ ಶುದ್ಧಿಗೊಳಿಸುವ ಯಂತ್ರದ ಮಾಪಕವೇ ತಪ್ಪು ತೋರಿಸುತ್ತಿದ್ದಿತೆಂದು ತಿಳಿದುಬಂದಿತು. ಯಂತ್ರವನ್ನು ದುರಸ್ತ ಮಾಡಿಸಿದೆನು. ಬರೆದ ಸಾಲನ್ನು ಹಾಗೆಯೇ ಬಿಟ್ಟೆನು.

ನಿವೃತ್ತನಾದ ಮೇಲೆ ಹಾಫ್‌ಕಿನ್ನರ ಚರಿತ್ರೆಯನ್ನು ಓದುತ್ತಿರುವಾಗ, ಮುಲ್ಕೋವಾಲದ ಸಂಗತಿಯ ಬಳಿ ಬಂದು ಪುಸ್ತಕವನ್ನು ಮುಚ್ಚಿಟ್ಟೆನು. ಅಂದು ರಾತ್ರಿಯೇ ಆ ಸಹಾಯಕನಿಗೆ ನನ್ನ ತಪ್ಪನ್ನೊಪ್ಪಿ ಪತ್ರ ಬರೆದೆನು. ಎಂಟು ದಿನಗಳಲ್ಲಿ ಉತ್ತರ ಬಂದಿತು: "ಮಾಪಕವು ಕೆಟ್ಟಿದೆಯೆಂದು ನಾನು ಅಂದೇ ತಮಗೆ ಅರಿಕೆ ಮಾಡಿದ್ದೆನು, ಸರ್. ಇರಲಿ, ತಮ್ಮ ಪ್ರಕೃತಿಯನ್ನು ಜೋಪಾನ ಮಾಡಿಕೊಳ್ಳಿರಿ."

ಆ ಅರಿಕೆಯು ನನ್ನ ನೆನಪಿನಲ್ಲಿಲ್ಲ. ಅಂದು ನಾನು ಅದನ್ನು ಕಿವಿಗೊಟ್ಟು ಕೇಳಿರಲೇ ಇಲ್ಲವೆಂದು ತೋರುತ್ತದೆ.